ಹೂಬುಟ್ಟಿ ಒಂದು ಕೋಣೆಗೆ, ಟೆಲಿಫೋನು ಇನ್ನೊಂದಕ್ಕೆ

ಆ ದಿನ ಮಾಡಿದ ಕೆಲಸಗಳು ಇಷ್ಟು. ಎದ್ದ ಕೂಡಲೇ ಗ್ಯಾಸ್ ಒಲೆಯ ಅವನ್ ಒಳಗಿಟ್ಟಿದ್ದ ಹೆಪ್ಪಿನ ಪಾತ್ರೆ ತೆಗೆದು ನೋಡಿದೆ. ಅದರಲ್ಲಿ ಸದಾ ಹೊತ್ತಿರುವ ಪುಟ್ಟ ಪೈಲಟ್ ಉರಿಯ ಬಿಸಿ ಸಾಕಾಗಿ ಮೊಸರು ಚೆನ್ನಾಗಿ ಗಟ್ಟಿಯಾಗಿತ್ತು. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ, ಮಗಳಿಗೆ ಅವಳ ಹಟದ ಪೀನಟ್ ಬಟರ್ ಸ್ಯಾಂಡ್‌ವಿಚ್ ಮಾಡಿದೆ. ಬೇಸ್‌ಮೆಂಟಿನಲ್ಲಿ ಒಣಗಿದ್ದ ಬಟ್ಟೆ ಮಡಿಚಿ ಮೇಲೆ ತಂದೆ. ನಮ್ಮೂರು ಮೆಟುಚೆನ್ನಿನ ಸ್ಟೇಷನ್ನಿನವರೆಗೆ ನಡೆದು ನ್ಯೂಯಾರ್ಕಿಗೆ ಹೋಗುವ ಟ್ರೈನ್ ಹಿಡಿದೆ. ಟ್ರೈನಿನಲ್ಲಿ ಸ್ವೆಟರಿನ ಒಂದು ತೋಳು ಹೆಣೆದು ಮುಗಿಸಿದೆ. ಆಫೀಸಿನಲ್ಲಿ ರಾಯಭಾರಿಯ ಟಪಾಲು ಒಡೆದು ಜೋಡಿಸಿದೆ, ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿದೆ, ಕಿಟಕಿಯ ಗಿಡಕ್ಕೆ ನೀರು ಹಾಕಿದೆ. ಮಧ್ಯಾಹ್ನ ಮೊಸರನ್ನ ತಿಂದು ಡಬ್ಬಿ ತೊಳೆಯುತ್ತಿದ್ದಾಗ ಟೆಲೆಕ್ಸ್ ಯಂತ್ರ ಕಟಕಟ ಹೊಡೆದುಕೊಳ್ಳತೊಡಗಿತು. ಈ ಸಲ ಮಹಾಸಭೆಗೆ ರಾಷ್ಟ್ರಪತಿ ಬರುವುದಿಲ್ಲ, ಪ್ರಧಾನಮಂತ್ರಿ ಬರುತ್ತಾರೆ ಎಂದು ಸುದ್ದಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಈಸ್ಟ್ ನದಿಯ ದಂಡೆಯಲ್ಲಿ ದೇಶಗಳೆಲ್ಲ ಸೇರಿ ಸಭೆ ನಡೆಸುವ ದೊಡ್ಡ ಕಟ್ಟಡವಿದೆಯಲ್ಲ, ಅದಕ್ಕೆ ಪ್ರತಿಯೊಂದು ದೇಶವೂ ಮ್ಯಾನ್‌ಹಟನ್ನಿನಲ್ಲಿ ಒಂದು ಕಚೇರಿ ಇಟ್ಟುಕೊಂಡಿರುತ್ತದೆ. ನಾನಿದ್ದದ್ದು ಒಂದು ಪುಟ್ಟ ದ್ವೀಪದೇಶದ ಕಚೇರಿಯಲ್ಲಿ. ದೇಶದ ಹೆಸರು ಬೇಡ. ನಮ್ಮ ಮೈಸೂರು ಜಿಲ್ಲೆಯಷ್ಟೂ ಇರದ ನಾಡು, ಕೊಬ್ಬರಿ ಮಾರಿ ಬದುಕುವ ಜನ. ದೊಡ್ಡವರು ಯಾರಾದರೂ ಬಂದರೆ ಅವರ ಕಾರ್ಯಕ್ರಮದ ಹಾಳೆ ತಯಾರಿಸುವುದು ನನ್ನ ಕೆಲಸ. ಎಷ್ಟು ಹೊತ್ತಿಗೆ ಎಲ್ಲಿ, ಯಾವ ಕಾರಿನಲ್ಲಿ ಯಾರು, ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು, ಭಾಷಣದ ಪ್ರತಿ ಯಾರ ಕೈಯಲ್ಲಿ, ಎಲ್ಲವೂ ಅದರಲ್ಲಿರಬೇಕು. ಮದುವೆಮನೆಯಲ್ಲಿ ಓಡಾಡುವ ಹಿರಿಯ ಸೊಸೆಯ ಕೆಲಸದ ಹಾಗೆ. ಎಲ್ಲ ನಮ್ಮ ಕೈಮೇಲೆಯೇ ನಡೆಯಬೇಕು, ಫೋಟೋದಲ್ಲಿ ಮಾತ್ರ ಬರಬಾರದು.

ಪ್ರಧಾನಮಂತ್ರಿ ಎಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ನಮ್ಮ ದೇಶದ ಲೆಕ್ಕ. ಆಡಳಿತವೆಲ್ಲ ಪ್ರಧಾನಿಯದು, ರಾಷ್ಟ್ರಪತಿ ಎಂದರೆ ಸಹಿ, ಶಾಲು, ಗಣರಾಜ್ಯ ದಿನದ ಸೆಲ್ಯೂಟು. ಈ ದ್ವೀಪದಲ್ಲೂ ಮೊದಲು ಹಾಗೆಯೇ ಇತ್ತಂತೆ. ಕೆಲವು ವರ್ಷಗಳ ಹಿಂದೆ ಸಂವಿಧಾನ ತಿದ್ದಿ ರಾಷ್ಟ್ರಪತಿಯನ್ನು ಜನರೇ ನೇರವಾಗಿ ಆರಿಸುವ ಹಾಗೆ ಮಾಡಿಕೊಂಡಿದ್ದರು. ಸಂಪುಟದ ಸಭೆ ನಡೆಸುವುದು, ಪೊಲೀಸು, ಸೈನ್ಯ, ಖಜಾನೆ ಎಲ್ಲವೂ ಅವರಿಗೆ ಹೋಯಿತು. ಪ್ರಧಾನಿಯನ್ನು ನೇಮಿಸುವವರೂ ಅವರೇ, ತೆಗೆಯುವವರೂ ಅವರೇ. ಶಾಸನಸಭೆಯಲ್ಲಿ ಎದ್ದುನಿಂತು ಪ್ರಶ್ನೆಗಳಿಗೆ ಉತ್ತರ ಕೊಡುವುದು ಪ್ರಧಾನಿಯ ಪಾಲಿಗೆ ಉಳಿಯಿತು; ಉತ್ತರ ಏನಿರಬೇಕೆಂದು ಹೇಳುವವರು ಮಾತ್ರ ಬೇರೆ. ಆ ತಿದ್ದುಪಡಿಯನ್ನು ಸಭೆಯಲ್ಲಿ ಮಂಡಿಸಿ, ಗಂಟಲು ಹರಿಯುವಂತೆ ಮಾತಾಡಿ, ಪಾಸು ಮಾಡಿಸಿದವರು ಈಗ ಬರುತ್ತಿದ್ದ ಈ ಪ್ರಧಾನಿಯೇ.

ಇದನ್ನೆಲ್ಲ ನನಗೆ ಹೇಳಿದವಳು ನಮ್ಮ ರಿಸೆಪ್ಷನಿಸ್ಟ್. ಅದೇ ದ್ವೀಪದ ಹುಡುಗಿ. ಅವರ ಭಾಷೆಯಲ್ಲಿ ಅಕ್ಕ ಎನ್ನುವುದಕ್ಕೆ ಏನೋ ಒಂದು ಪದವಿದೆ, ಅದರಿಂದಲೇ ನನ್ನನ್ನು ಕರೆಯುತ್ತಿದ್ದಳು; ಇಲ್ಲಿ ಅಕ್ಕ ಎಂದೇ ಬರೆಯುತ್ತೇನೆ. ಅವಳ ದೇಶದಲ್ಲಿ ಒಂದು ಜೋಕು ಓಡಾಡುತ್ತಿತ್ತಂತೆ: ಬ್ರೆಡ್ಡಿನ ಬೆಲೆ ಏರಿದರೆ ರೇಡಿಯೋದಲ್ಲಿ ಪ್ರಧಾನಿ ಮಾತಾಡುತ್ತಾರೆ, ಇಳಿದರೆ ರಾಷ್ಟ್ರಪತಿ ಮಾತಾಡುತ್ತಾರೆ. ಆದ್ದರಿಂದ ರೇಡಿಯೋ ಹಚ್ಚಿದಾಗ ದನಿ ಯಾರದೆಂದು ಗೊತ್ತಾದರೆ ಸಾಕು, ಸುದ್ದಿ ಕೇಳಬೇಕಾಗಿಲ್ಲ. ಇದನ್ನು ಹೇಳಿ ಅವಳು ನಗುತ್ತಿರಲಿಲ್ಲ. ಅವಳ ಗಂಡ ತಮ್ಮ ಬಂದರೂರಿನಲ್ಲಿ ಒಂದು ವಾರಪತ್ರಿಕೆ ನಡೆಸುತ್ತಿದ್ದವನು. ಏನೋ ಬರೆದನೆಂದು ವಿಚಾರಣೆಯಿಲ್ಲದೆ ಒಳಗೆ ಹಾಕಿದ್ದರು. ಅವಳು ಇಲ್ಲಿ ಕೆಲಸದಲ್ಲಿದ್ದಳು, ಅವನು ಅಲ್ಲಿ ಜೈಲಿನಲ್ಲಿ. ಅರ್ಜಿ ಬರೆದು ರಾಯಭಾರಿಗೆ ಕೊಟ್ಟಿದ್ದಳು. ಅವರು ರಾಷ್ಟ್ರಪತಿಯ ಷಡ್ಡಕ, ಕೆಟ್ಟವರೇನಲ್ಲ; ಆದರೆ ಅರ್ಜಿಯನ್ನು ಡ್ರಾಯರಿನಲ್ಲಿ ಹಾಕಿದವರು ಆಮೇಲೆ ಆ ಡ್ರಾಯರನ್ನು ಅವಳೆದುರು ತೆಗೆಯುತ್ತಲೇ ಇರಲಿಲ್ಲ.

ಟೆಲೆಕ್ಸ್ ಓದಿದ ಮೇಲೆ ಅವಳು ಬಂದು ನನ್ನ ಮೇಜಿನ ಅಂಚು ಹಿಡಿದು ನಿಂತಳು. ಪ್ರಧಾನಿ ರಾಜಕೀಯಕ್ಕೆ ಬರುವ ಮೊದಲು ಅದೇ ಬಂದರೂರಿನಲ್ಲಿ ಮೇಷ್ಟ್ರಾಗಿದ್ದರಂತೆ, ಗಂಡನಿಗೆ ಪಾಠ ಹೇಳಿದ್ದರಂತೆ, ಇವರ ಮದುವೆಗೂ ಬಂದಿದ್ದರಂತೆ. "ಅಕ್ಕಾ, ಅವರ ಕೈಗೇ ಕೊಟ್ಟುಬಿಡಲೇ?" ಎಂದಳು.

ಕೊಡು ಎಂದೆ. ಪ್ರಧಾನಮಂತ್ರಿಗಿಂತ ಮೇಲೆ ಇನ್ನಾರಿದ್ದಾರೆ ಎಂದೆ. ಬ್ರೆಡ್ಡಿನ ಜೋಕು ಕೇಳಿದ ಮೇಲೂ ಹಾಗೆಂದೆ. ಹುಟ್ಟಿದ ಊರಿನ ಲೆಕ್ಕ ಅಷ್ಟು ಸುಲಭಕ್ಕೆ ತಲೆಯಿಂದ ಹೋಗುವುದಿಲ್ಲ. ಅರ್ಜಿಯನ್ನು ನಾನೇ ಚೊಕ್ಕಟವಾಗಿ ಟೈಪ್ ಮಾಡಿಕೊಟ್ಟೆ.

ತಯಾರಿ ಶುರುವಾಯಿತು. ಸಭೆಯ ಶಿಷ್ಟಾಚಾರ ವಿಭಾಗದಿಂದ ಫೋನು ಬಂತು: ನಿಮ್ಮ ಪ್ರಧಾನಿ ಸರ್ಕಾರದ ಮುಖ್ಯಸ್ಥರೇ, ಅಲ್ಲವೇ? ದಿನನಿತ್ಯದ ಪ್ರಶ್ನೆ ಅದು. ಮೊದಲು ದೇಶದ ಮುಖ್ಯಸ್ಥರು ಮಾತಾಡುತ್ತಾರೆ, ಆಮೇಲೆ ಸರ್ಕಾರದ ಮುಖ್ಯಸ್ಥರು, ಆಮೇಲೆ ಮಂತ್ರಿಗಳು. ಸ್ವಾಗತ, ಕುರ್ಚಿ, ಕಾರು ನಿಲ್ಲುವ ಬಾಗಿಲು ಎಲ್ಲವೂ ಅದರ ಮೇಲೆ ನಿಂತಿವೆ. ಹೌದು ಎನ್ನಲು ಬಾಯಿ ತೆರೆದವಳು ತಡೆದು, ಕೇಳಿ ಹೇಳುತ್ತೇನೆ ಎಂದೆ. ರಾಯಭಾರಿಯನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು ರಾಜಧಾನಿಗೆ ಟೆಲೆಕ್ಸ್ ಕೊಡಿಸಿದರು. ಅತ್ತ ಶಿಷ್ಟಾಚಾರದವರು ದಿನವೂ ಫೋನು ಮಾಡುತ್ತಿದ್ದರು. ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತವರಿಗೆ ಹೇಳುವಂತೆ ಇವತ್ತಲ್ಲ ನಾಳೆ ಎಂದು ಕಳಿಸುತ್ತಿದ್ದೆ. ಕೊನೆಗೆ ರಾಷ್ಟ್ರಪತಿಯ ಅರಮನೆಯಿಂದ ಉತ್ತರ ಬಂತು. ಪ್ರಧಾನಿ ಪ್ರಧಾನಿಯೇ, ಸರ್ಕಾರದ ಮುಖ್ಯಸ್ಥರು ಮಾತ್ರ ರಾಷ್ಟ್ರಪತಿಗಳು.

ಅಂದರೆ ಮಂತ್ರಿಗಳ ಸಾಲಿಗೆ ಹಾಕಿ ಎಂದು ಅರ್ಥ. ಬೆಳಗಿನ ಹೊತ್ತು ಕೈತಪ್ಪಿತು. ಊಟದ ಬಿಡುವಿಗೆ ತಾಗಿಕೊಂಡ ಹೊತ್ತು ಸಿಕ್ಕಿತು.

ಮನೆಗೆ ಬಂದು ರಾತ್ರಿ ಊಟಕ್ಕೆ ಬಡಿಸುತ್ತ ಇದನ್ನು ಹೇಳಿದೆ. ಯಜಮಾನರು ಎಡಿಸನ್ನಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಊಟದ ಹೊತ್ತಿಗೆ ಅವರಿಗೆ ರಾಜಕೀಯ ಬೇಕು. "ಹಾಗಾದ್ರೆ ನಿಮ್ಮ ಪ್ರಧಾನಿ ಉತ್ಸವಮೂರ್ತಿ ಕಣೇ," ಎಂದರು. "ಮೆರವಣಿಗೆ, ಹಾರ, ಛತ್ರಿ ಎಲ್ಲ ಅದಕ್ಕೆ. ವರ ಕೊಡೋ ದೇವರು ಒಳಗೆ ಕೂತಿದೆ, ಅದು ಜಾಗ ಬಿಟ್ಟು ಅಲ್ಲಾಡಲ್ಲ."

ಹೈಸ್ಕೂಲಿನಲ್ಲಿದ್ದ ಮಗಳು ತಟ್ಟೆಯಿಂದ ತಲೆ ಎತ್ತಿ, "ಮಾಮ್, ಸೋ ಈಸ್ ಹೀ ದ ಬಾಸ್ ಆರ್ ನಾಟ್?" ಎಂದಳು.

"ಬಾಸ್ ಅಲ್ಲಮ್ಮ. ಬಾಸ್ ಕಳಿಸಿದವರು."

"ದೆನ್ ವೈ ಹ್ಯಾವ್ ಹಿಮ್?" ಎಂದು ತಟ್ಟೆ ಸಿಂಕಿಗೆ ಹಾಕಿ ಎದ್ದುಹೋದಳು.

ಆ ಪ್ರಶ್ನೆಗೆ ಉತ್ತರ ಸ್ವಲ್ಪ ಸ್ವಲ್ಪವಾಗಿ ಹೋಟೆಲಿನಲ್ಲಿ ಸಿಗತೊಡಗಿತು. ಪ್ರಧಾನಿಯ ಜೊತೆಗೆ ರಾಷ್ಟ್ರಪತಿಯ ವಿಶೇಷ ಸಲಹೆಗಾರ ಎಂಬಾತ ಬರುವವನಿದ್ದ. ಮಂತ್ರಿಯಲ್ಲ, ಚುನಾವಣೆಗೆ ನಿಂತವನಲ್ಲ, ವಯಸ್ಸೂ ಹೆಚ್ಚಿಲ್ಲ. ಹೋಟೆಲಿನಲ್ಲಿ ಹಾಲು, ಕೋಣೆ ಸೇರಿದ ಎರಡು ಸೂಟುಗಳನ್ನು ಕಾದಿರಿಸಿದ್ದೆ. ದೊಡ್ಡದನ್ನು ಪ್ರಧಾನಿಗೆ, ಚಿಕ್ಕದನ್ನು ಸಲಹೆಗಾರನಿಗೆ. ಹೋಟೆಲಿನ ಸ್ವಿಚ್‌ಬೋರ್ಡಿಗೆ ಹೋಗದೆ ನೇರ ಹೊರಗೆ ಹೋಗುವ ಫೋನು ಒಂದೇ ಒಂದು ಸಿಗುವುದಿತ್ತು. ಅದನ್ನು ದೊಡ್ಡ ಸೂಟಿಗೆ ಹಾಕಿಸಿ ಬಂದಿದ್ದೆ. ರಾಯಭಾರಿ ಹಾಳೆ ನೋಡಿ, ಫೋನು ಸಲಹೆಗಾರರ ಕೋಣೆಗೆ ಹೋಗಲಿ ಎಂದರು. ಪ್ರಧಾನಿಯವರು ಊರಿಗೆ ಮಾತಾಡಬೇಕೆಂದರೆ ಎಂದು ಕೇಳಿದೆ. ಸಲಹೆಗಾರರ ಕೋಣೆಗೆ ಬಂದು ಮಾತಾಡಬಹುದಲ್ಲ ಎಂದರು. ಫೋನಿನವನನ್ನು ಮತ್ತೆ ಕರೆಸಿ ತಂತಿ ಎಳೆಸಿದೆ. ಆಮೇಲೆ ರಾಯಭಾರಿಗೇ ಏನೋ ಮುಜುಗರವಾಗಿರಬೇಕು, ಪ್ರಧಾನಿಯ ಕೋಣೆಗೆ ದೊಡ್ಡದೊಂದು ಹೂಬುಟ್ಟಿ ಇಡಿಸಿ ಎಂದು ಹೇಳಿ ಕಳಿಸಿದರು.

ಪ್ರಧಾನಿ ಬಂದಿಳಿದರು. ಎತ್ತರದ, ಸ್ವಲ್ಪ ಬಾಗಿದ ಆಳು. ಮೇಷ್ಟ್ರ ಹಾಗೆ ಕೋಟಿನ ಜೇಬಿನಲ್ಲಿ ಪೆನ್ನುಗಳು. ಹೂಬುಟ್ಟಿಯ ಮುಂದೆ ಒಂದು ಗಳಿಗೆ ನಿಂತರು, ಕೋಣೆಯ ಸುತ್ತ ಕಣ್ಣಾಡಿಸಿ ಮೇಜಿನ ಮೇಲಿದ್ದ ಹೋಟೆಲಿನ ಮಾಮೂಲು ಫೋನನ್ನು ನೋಡಿದರು, ಮತ್ತೆ ಹೂಬುಟ್ಟಿಯನ್ನು ನೋಡಿದರು. ಹೂವು ತುಂಬ ಚೆನ್ನಾಗಿದೆ ಮೇಡಂ ಎಂದರು. ಅಷ್ಟರಲ್ಲಿ ಅವರಿಗೆ ಎಲ್ಲವೂ ತಿಳಿದಿತ್ತು.

ಭಾಷಣ ಮಾರನೆಯ ದಿನ. ಅದಕ್ಕೆಂದೇ ದಪ್ಪಕ್ಷರದ ಟೈಪು ಇತ್ತು. ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು, ವಾಕ್ಯ ಪುಟದಿಂದ ಪುಟಕ್ಕೆ ಮುರಿಯದಂತೆ ಹೊಡೆಯಬೇಕು. ಅವರು ಊರಿನಿಂದ ಬರೆದು ತಂದಿದ್ದನ್ನು ಅಚ್ಚುಕಟ್ಟಾಗಿ ಹೊಡೆದಿಟ್ಟಿದ್ದೆ. ಕೊಬ್ಬರಿಯ ಬೆಲೆಯ ಮೇಲೆ ಚೆನ್ನಾಗಿ ಬರೆದಿದ್ದರು. ಬಂದರಿನಲ್ಲಿ ಹಡಗು ಕಾಯುತ್ತ ಕೊಳೆಯುವ ಚೀಲಗಳನ್ನು ಕಣ್ಣಿಗೆ ಕಟ್ಟಿಸಿದ್ದರು. ಬೆಳಗ್ಗೆ ಸಲಹೆಗಾರ ಬಂದು ಆ ಪುಟಗಳನ್ನು ತೆಗೆದು, ರಾಷ್ಟ್ರಪತಿಯ ದೂರದೃಷ್ಟಿಯ ಮೇಲೆ ಅರಮನೆಯವರು ಫೋನಿನಲ್ಲಿ ಹೇಳಿ ಬರೆಸಿದ್ದ ಪುಟಗಳನ್ನು ಕೊಟ್ಟ. ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ, ತುಂಬ ಮರ್ಯಾದೆಯಿಂದ, ಬಡಿಸಿದ ಎಲೆಯಿಂದ ತುತ್ತು ತೆಗೆದಂತೆ ತೆಗೆದ. ಮತ್ತೆ ಟೈಪ್ ಮಾಡಿ ಪ್ರಧಾನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು.

"ಪುಟದ ಅಂಕಿ ಸರಿಯಾಗಿ ಬಂದಿದೆಯೇ ಮೇಡಂ? ನಡುವೆ ಜಿಗಿಯಬಾರದು."

ಸರಿಯಾಗಿದೆ ಸರ್ ಎಂದೆ.

"ಅಷ್ಟಾದರೂ ನಮ್ಮದಾಗಲಿ," ಎಂದರು.

ಸಭಾಂಗಣದಲ್ಲಿ ಅವರ ಸರದಿ ಬರುವ ಹೊತ್ತಿಗೆ ಮುಕ್ಕಾಲು ಜನ ಊಟಕ್ಕೆ ಎದ್ದಿದ್ದರು. ಖಾಲಿ ಕುರ್ಚಿಗಳ ಮುಂದೆ ಬೇರೆಯವರ ಮಾತನ್ನು ಅವರು ತಪ್ಪಿಲ್ಲದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದರು. ನಾನು ಹಿಂದೆ ಕುಳಿತು ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಬಂದೆ. ಒಂದು ಅಕ್ಷರ ಬದಲಾಗಲಿಲ್ಲ. ಒಂದಾದರೂ ಬದಲಾಗಲಿ ಎಂದು ನನಗಿತ್ತು.

ಸಂಜೆ ಕಚೇರಿಯಲ್ಲಿ ಸತ್ಕಾರಕೂಟ. ಕಾರುಗಳ ಹಂಚಿಕೆಯಲ್ಲಿ ಒಂದು ವಿಷಯ ಗಮನಿಸಿದ್ದೆ. ಬಾವುಟ ಕಟ್ಟಿದ ಮುಂದಿನ ಕಾರು ಪ್ರಧಾನಿಗೆ. ಆದರೆ ರಾಯಭಾರಿಯೂ ಸಲಹೆಗಾರನೂ ಯಾವಾಗಲೂ ಹಿಂದಿನ ಕಾರಿನಲ್ಲಿ ಜೊತೆಯಾಗಿ ಬರುತ್ತಿದ್ದರು, ಅವರಿಗೆ ಮಾತಾಡುವುದಿರುತ್ತಿತ್ತು. ಮುಂದಿನ ಕಾರಿನಲ್ಲಿ ಪ್ರಧಾನಿಯೊಬ್ಬರೇ ಆಗಬಾರದೆಂದು ಕಾರ್ಯಕ್ರಮದ ಹಾಳೆ ಹಿಡಿದು ನಾನು. ಚಾಲಕನಿಗೂ ನಮಗೂ ನಡುವೆ ಗಾಜು. ಸಲಹೆಗಾರನಿಲ್ಲದ ಜಾಗ ಇಡೀ ನ್ಯೂಯಾರ್ಕಿನಲ್ಲಿ ಅದೊಂದೇ. ರಿಸೆಪ್ಷನಿಸ್ಟಿಗೆ ಮೊದಲೇ ಹೇಳಿದ್ದೆ, ನೀನು ಕೈಗೆ ಕೊಡುವ ಮೊದಲು ನಾನೊಂದು ಮಾತು ಹಾಕಿಡುತ್ತೇನೆ ಎಂದು.

ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಹೇಳಿದೆ. ನಿಮ್ಮ ವಿದ್ಯಾರ್ಥಿ, ಪತ್ರಿಕೆಯವನು, ಅವನ ಹೆಂಡತಿ ನಮ್ಮಲ್ಲೇ ಇದ್ದಾಳೆ, ಇವತ್ತು ನಿಮಗೊಂದು ಅರ್ಜಿ ಕೊಡುತ್ತಾಳೆ, ನೀವು ಸಹಿ ಮಾಡಿದರೆ ಅವನು ಹೊರಗೆ ಬರುತ್ತಾನೆ.

ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. "ನೀವು ಭಾರತದವರಲ್ಲವೇ?"

"ಹೌದು ಸರ್, ಮೈಸೂರು."

"ಅದಕ್ಕೇ. ನಿಮ್ಮಲ್ಲಿ ಪ್ರಧಾನಿ ಬೇಕು ಎಂದದ್ದಕ್ಕೆ ರಾಷ್ಟ್ರಪತಿ ಸಹಿ ಹಾಕುತ್ತಾರೆ. ನಮ್ಮಲ್ಲಿ ನಾನು ಬೇಡ ಎಂದದ್ದಕ್ಕೆ ಹಾಕುತ್ತಾರೆ."

ಆಮೇಲೆ ಪಾಠ ಹೇಳುವವರಂತೆ ನಿಧಾನವಾಗಿ ಬಿಡಿಸಿ ಹೇಳಿದರು. ಬಿಡುಗಡೆಗೆ ಸಹಿ ಮಾಡುವ ಅಧಿಕಾರ ಅವರಿಗಿಲ್ಲ, ಶಿಫಾರಸು ಬರೆಯಬಹುದು. ಜೈಲಿನಲ್ಲಿದ್ದ ಬಂದರು ಕಾರ್ಮಿಕರ ಇಬ್ಬರು ಮುಖಂಡರ ಪರವಾಗಿ ಬರೆದಿದ್ದರು. ಬರೆದ ದಿನದಿಂದ ಆ ಇಬ್ಬರು ಪ್ರಧಾನಿಯ ಕಡೆಯವರು ಎಂದಾಯಿತು, ಇನ್ನೂ ಒಳಗೇ ಇದ್ದಾರೆ. ಮೂರನೆಯವನ ಪರವಾಗಿ ಬರೆಯಲು ಮರೆತಿದ್ದರು. ಅವನು ಮನೆಗೆ ಹೋದ. ಸಲಹೆಗಾರನಿಗೆ ನೇರವಾಗಿ ಕೊಡಿಸಿದರೆ ಹೇಗೆ ಎಂದೆ. ಬರಿದೇ ಕೇಳಿದರೆ ಆತ ಕೊಡುವುದಿಲ್ಲ, ಕೊಡುವುದರಿಂದ ಆತನ ಯಜಮಾನರಾದ ರಾಷ್ಟ್ರಪತಿಗೆ ಏನಾದರೂ ಸಿಗಬೇಕು ಎಂದರು. ಸಿಗ್ನಲ್ ಬಿಟ್ಟು ಕಾರು ಹೊರಟಿತು.

"ಸತ್ಕಾರಕೂಟದಲ್ಲಿ ಸಲಹೆಗಾರರು ಎಲ್ಲಿ ನಿಲ್ಲುತ್ತಾರೆ?"

"ನಿಮ್ಮ ಎಡಕ್ಕೆ ಸರ್. ನೀವು ಕೈಕುಲುಕಿದವರು ಮುಂದೆ ಅವರ ಹತ್ತಿರ ಬರುತ್ತಾರೆ."

"ಆಕೆ ಯಾವಾಗ ಬರುತ್ತಾಳೆ?"

ಅತಿಥಿಗಳೆಲ್ಲ ಆದ ಮೇಲೆ ಕಚೇರಿಯವರು ಸಾಲಾಗಿ ಬಂದು ಕೈಕುಲುಕುವುದು ರೂಢಿ, ಕೊನೆಗೆ ಬರುತ್ತಾಳೆ ಎಂದೆ.

"ಒಳ್ಳೆಯದು. ಎಲ್ಲರಿಗೂ ಕೇಳುತ್ತದೆ," ಎಂದರು. ನನಗೆ ಅರ್ಥವಾಗಿರಲಿಲ್ಲವೆಂದಲ್ಲ, ಅರ್ಥವಾಗುವುದು ಬೇಡವಾಗಿತ್ತು. ಅವಳಿಗೆ ಮೊದಲೇ ಒಂದು ಮಾತು ಹೇಳಲೇ ಎಂದು ಕೇಳಿದೆ.

"ಬೇಡ. ಆಕೆಗೆ ನಟಿಸಲು ಬರುವುದಿಲ್ಲ."

"ಆಮೇಲೆ?"

"ಆಮೇಲೂ ಬೇಡ. ಗಂಡನಿಗೆ ಹೇಳದೆ ಇರುತ್ತಾಳೆಯೇ? ಅವನು ಪತ್ರಿಕೆಯವನು, ಬರೆದುಬಿಡುತ್ತಾನೆ. ಮತ್ತೆ ಒಳಗೆ." ಕಾರು ಕಚೇರಿಯ ಮುಂದೆ ನಿಲ್ಲುವಾಗ ಇನ್ನೊಂದು ಮಾತು ಹೇಳಿದರು. "ಬೇಡವೆಂದರೆ ಆಕೆಯನ್ನು ಸಾಲಿಗೆ ಕರೆತರಬೇಡಿ. ನಿಮ್ಮ ಇಷ್ಟ."

ನನ್ನ ಇಷ್ಟಕ್ಕೆ ಬಿಟ್ಟದ್ದೇ ಕಷ್ಟವಾಯಿತು. ಒಳಗೆ ಹೋಗಿ ಬಾದಾಮಿಯ ಬಟ್ಟಲು ತುಂಬಿಸಿದೆ, ಕೋಟು ತೂಗುಹಾಕುವ ಜಾಗ ನೋಡಿದೆ, ಅತಿಥಿಗಳ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತೆ. ರಿಸೆಪ್ಷನಿಸ್ಟ್ ಅವತ್ತು ಮದುವೆಯ ಉಡುಪು ಹಾಕಿಕೊಂಡು ಬಂದಿದ್ದಳು, ಸೊಂಟದ ಹತ್ತಿರ ಬಿಗಿಯಾಗಿತ್ತು. ಮಾತು ಹಾಕಿದೆಯಾ ಅಕ್ಕಾ ಎಂದು ಕಣ್ಣಲ್ಲೇ ಕೇಳಿದಳು. ಹೂಂ ಎಂದು ತಲೆಯಾಡಿಸಿದೆ. ಅತಿಥಿಗಳು ಕರಗತೊಡಗಿದಾಗ ಹೋಗಿ ಅವಳ ಮೊಣಕೈ ಹಿಡಿದು ಸಾಲಿನ ಕೊನೆಗೆ ನಿಲ್ಲಿಸಿ, ಅವಳ ಹಿಂದೆ ನಾನು ನಿಂತೆ.

ಅವಳು ಅರ್ಜಿ ಚಾಚಿದಳು, ತಾನು ಯಾರೆಂದು ಹೇಳಿದಳು. ಪ್ರಧಾನಿ ಅದನ್ನು ಮುಟ್ಟಲಿಲ್ಲ. ಇಡೀ ಕೋಣೆಗೆ ಕೇಳುವ ಮೇಷ್ಟ್ರ ದನಿಯಲ್ಲಿ ಹೇಳಿದರು:

"ಅವನಿಗೆ ಪಾಠ ಹೇಳಿದವನು ನಾನು. ಮಂದಬುದ್ಧಿ, ಆಗಲೂ ಹಾಗೆಯೇ. ಬರೆದದ್ದಕ್ಕೆ ಅನುಭವಿಸುತ್ತಿದ್ದಾನೆ, ಇನ್ನೂ ಅನುಭವಿಸಲಿ. ಇಂಥವರಿಗೆಲ್ಲ ಕರುಣೆ ತೋರಿಸಬೇಡಿ ಎಂದು ರಾಷ್ಟ್ರಪತಿಗಳಿಗೆ ನಾನೇ ಹೇಳುವವನಿದ್ದೇನೆ."

ಯಾರೂ ಗ್ಲಾಸು ಅಲ್ಲಾಡಿಸಲಿಲ್ಲ. ಅವಳು ಚಾಚಿದ ಕೈ ಚಾಚಿಕೊಂಡೇ ನಿಂತಳು. ಮುಖ ಅಳುವ ಮೊದಲು ಚಿಕ್ಕ ಮಗುವಿನದಾಗುತ್ತದಲ್ಲ, ಹಾಗಾಯಿತು. ಆಗ ಸಲಹೆಗಾರ ಎಡದಿಂದ ಒಂದು ಹೆಜ್ಜೆ ಬಂದು, ಅವಳ ಬೆರಳುಗಳಿಂದ ಅರ್ಜಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಕೋಟಿನ ಒಳಜೇಬಿಗೆ ಇಟ್ಟುಕೊಂಡ. "ಅಳಬೇಡ ತಂಗಿ. ರಾಷ್ಟ್ರಪತಿಗಳು ಎಲ್ಲರಿಗೂ ತಂದೆ," ಎಂದ. ಎಲ್ಲರೂ ಉಸಿರು ಬಿಟ್ಟರು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಪ್ರಧಾನಿ ಮುಖ ಗಂಟಿಕ್ಕಿಕೊಂಡು ಮುಂದಿನವರ ಕೈಕುಲುಕಿದರು; ಮುಂದಿನವಳು ನಾನು.

ಮಾರನೆಯ ದಿನ ವಿಮಾನ ನಿಲ್ದಾಣಕ್ಕೆ ಹೋಗುವಾಗಲೂ ಅದೇ ಕಾರು, ಅದೇ ಗಾಜು.

"ಆಕೆ ಅತ್ತಳೇ?"

"ಅತ್ತಳು ಸರ್. ಬಾತ್‌ರೂಮಿನಲ್ಲಿ."

"ಸಲಹೆಗಾರರು ನೋಡಿದರೇ?"

"ಅಳು ಶುರುವಾದದ್ದು ಅವರೆದುರೇ."

"ಸರಿ," ಎಂದು ಪೆನ್ನಿನ ಟೋಪಿ ತೆಗೆದು ಹಾಕಿದರು, ಮತ್ತೆ ತೆಗೆದು ಹಾಕಿದರು. "ಅವನು ಮಂದಬುದ್ಧಿಯಲ್ಲ. ನನ್ನ ತರಗತಿಯಲ್ಲಿ ಅವನಷ್ಟು ಚುರುಕಾದವನು ಇನ್ನೊಬ್ಬನಿರಲಿಲ್ಲ." ಇದನ್ನು ನನಗೆ ಹೇಳಿದರೋ ಕಿಟಕಿಗೆ ಹೇಳಿದರೋ. ಹೂಬುಟ್ಟಿ ಹೋಟೆಲಿನಲ್ಲೇ ಉಳಿಯಿತು.

ಮೊದಲ ಹಿಮ ಬಿದ್ದ ವಾರ ಟೆಲೆಕ್ಸ್ ಬಂತು. ರಾಷ್ಟ್ರಪತಿಗಳ ಕ್ಷಮಾದಾನದಿಂದ ಪತ್ರಿಕೆಯವನ ಬಿಡುಗಡೆ. ಅವಳು ಯಂತ್ರದಿಂದ ಕಾಗದ ಹರಿಯಲಾರದೆ ಅದರ ಮೇಲೆಯೇ ಕೈಯಿಟ್ಟು ಕುಳಿತಿದ್ದಳು. ನಾನು ಹರಿದುಕೊಟ್ಟೆ. ರಾಷ್ಟ್ರಪತಿಗೆ ಕೃತಜ್ಞತೆಯ ತಂತಿ ಕಳಿಸಬೇಕು ಎಂದು ರಾಯಭಾರಿ ಹೇಳಿದರು. ಅದನ್ನೂ ನಾನೇ ಟೈಪ್ ಮಾಡಿದೆ. ಬಿಡುಗಡೆಯಾಗಿ ಕೆಲವೇ ದಿನಕ್ಕೆ ಪತ್ರಿಕೆ ಮತ್ತೆ ಹೊರಡಿಸಲು ಅನುಮತಿ ಸಿಕ್ಕಿತು. ಮೊದಲ ಸಂಚಿಕೆ ಅವಳಿಗೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ಸಂಪಾದಕೀಯ: ಕರುಣಾಳು ರಾಷ್ಟ್ರಪತಿ, ಕಲ್ಲೆದೆಯ ಪ್ರಧಾನಿ. ನ್ಯೂಯಾರ್ಕಿನಲ್ಲಿ ತನ್ನ ಹೆಂಡತಿಯನ್ನು ನಿಲ್ಲಿಸಿ ಅವಮಾನ ಮಾಡಿದ್ದನ್ನು ಬಿಡದೆ ಬರೆದಿದ್ದ. ಮೇಷ್ಟ್ರು ಹೇಳಿದಂತೆ ಚುರುಕಾದ ಬರವಣಿಗೆ. ಅವಳು ನಿಂತು ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಲಕೋಟೆಗಳಿಗೆ ಸ್ಟಾಂಪು ಹಚ್ಚುತ್ತಿದ್ದೆ.

ಅವಳಿಗೆ ನಿಜ ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಆದರೆ ಕ್ಷಮಾದಾನಕ್ಕೆ ಷರತ್ತುಗಳಿದ್ದವು, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಿತ್ತು. ಕೆಲವೊಮ್ಮೆ ಇನ್ನೊಂದು ಯೋಚನೆಯೂ ಬರುತ್ತಿತ್ತು: ಆ ಮನುಷ್ಯ ನಿಜವಾಗಿ ಉಪಾಯ ಮಾಡಿದರೇ, ಅಥವಾ ಕೈಲಾಗದ್ದಕ್ಕೆ ಉಪಾಯ ಎಂದು ಹೆಸರಿಟ್ಟು ನನ್ನ ಬಾಯಿ ಮುಚ್ಚಿಸಿದರೇ? ಪೆನ್ನಿನ ಟೋಪಿ ತೆಗೆದು ಹಾಕುತ್ತಿದ್ದ ಬೆರಳುಗಳನ್ನು ನೋಡಿದವಳು ನಾನು. ಮೊದಲನೆಯದೇ ನಿಜವೆಂದು ನಂಬಿದ್ದೇನೆ. ಆದರೂ ಅಧಿಕಾರವೆಲ್ಲ ಹೋಗಿ ಅವಮಾನ ಮಾಡುವ ಶಕ್ತಿಯೊಂದೇ ಉಳಿದವನ ಹತ್ತಿರ ಅದನ್ನೇ ದಾನವಾಗಿ ಪಡೆದದ್ದು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಬೇಸಿಗೆಯ ಹೊತ್ತಿಗೆ ಪ್ರಧಾನಿಯನ್ನು ಪದವಿಯಿಂದ ತೆಗೆದರು. ಗೆಜೆಟ್ಟಿನಲ್ಲಿ ಒಂದು ಸಾಲು. ಬ್ರೆಡ್ಡಿನ ಬೆಲೆ ಏರಿ ಜನ ಬೀದಿಗೆ ಬಂದಿದ್ದರು, ಯಾರನ್ನಾದರೂ ಬಲಿ ಕೊಡಬೇಕಾಗಿತ್ತು. ಬಂದರೂರಿನಲ್ಲಿ ಅವರ ಮನೆಯ ಕಿಟಕಿಗಳಿಗೆ ಕಲ್ಲು ಹೊಡೆದರಂತೆ. ಮತ್ತೆ ಅವರು ಯಾಕಿರಬೇಕು ಎಂದು ಮಗಳು ಕೇಳಿದ್ದ ಪ್ರಶ್ನೆಗೆ ಆವತ್ತು ಪೂರ್ತಿ ಉತ್ತರ ಸಿಕ್ಕಿತು.

ಸುದ್ದಿ ಬಂದ ಮಾರನೆಯ ದಿನ ರಿಸೆಪ್ಷನಿಸ್ಟ್ ತಗಡಿನ ಡಬ್ಬಿಯೊಂದನ್ನು ತಂದು ಎಲ್ಲರ ಮೇಜಿಗೂ ಹೋದಳು. ಅವರ ನಾಡಿನ ಕೊಬ್ಬರಿಯ ಸಿಹಿ, ನಮ್ಮ ಕೊಬ್ಬರಿ ಮಿಠಾಯಿಯ ಹಾಗೆಯೇ, ಬೆಲ್ಲ ಮಾತ್ರ ಹೆಚ್ಚು. ರಾತ್ರಿಯೆಲ್ಲ ಕೂತು ಮಾಡಿದ್ದಳು. ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ನೀನು ಅವತ್ತು ನನ್ನ ಕೈಹಿಡಿದು ಕರೆದುಕೊಂಡು ಹೋಗದಿದ್ದರೆ ಆ ಪುಣ್ಯಾತ್ಮ ಸಲಹೆಗಾರರ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಪಾಪಿ ಹೋದ. ತೆಗೆದುಕೋ," ಎಂದಳು. ಮನೆಯವರಿಗೂ ಎಂದು ಕಾಗದದಲ್ಲಿ ಬೇರೆ ಸುತ್ತಿಕೊಟ್ಟಳು. ಬ್ಯಾಗಿನಲ್ಲಿಟ್ಟುಕೊಂಡೆ. ಸಂಜೆಯ ಟ್ರೈನಿನಲ್ಲಿ ಜನ ಕಿಕ್ಕಿರಿದಿದ್ದರು, ಅದು ನಜ್ಜುಗುಜ್ಜಾಗದಂತೆ ಬ್ಯಾಗನ್ನು ಎದೆಗೊತ್ತಿಕೊಂಡು ನಿಂತು ಬಂದೆ.

ಮನೆಯಲ್ಲಿ ಅನ್ನ, ನಿಂಬೆಹಣ್ಣಿನ ಸಾರು, ಬೀನ್ಸ್ ಪಲ್ಯ, ಹಪ್ಪಳ. ಊಟವಾದ ಮೇಲೆ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟೆ. ಏನು ವಿಶೇಷ ಎಂದರು ಯಜಮಾನರು. ಆಫೀಸಿನಲ್ಲಿ ಕೊಟ್ಟರು ಎಂದೆ. ಮಗಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಟೂ ಸ್ವೀಟ್ ಎಂದು ಉಳಿದದ್ದನ್ನು ಅಲ್ಲೇ ಇಟ್ಟಳು. ಯಜಮಾನರು ಚಪ್ಪರಿಸಿ ತಿಂದು ಇನ್ನೊಂದು ತೆಗೆದುಕೊಂಡರು. ಮಗಳು ಬಿಟ್ಟದ್ದನ್ನು ನಾನು ತಿಂದೆ. ಪಾಕ ಸರಿಯಾಗಿ ಬಂದಿತ್ತು, ಏಲಕ್ಕಿ ಹದವಾಗಿತ್ತು, ತಪ್ಪು ಹೇಳುವಂಥದ್ದು ಏನೂ ಇರಲಿಲ್ಲ. ನಾಳೆಗೆ ಹೆಪ್ಪು ಹಾಕಿ ಪಾತ್ರೆಯನ್ನು ಅವನ್ ಒಳಗಿಟ್ಟೆ. ಮೊದಲು ಯಜಮಾನರು ಮಲಗಿದರು, ಆಮೇಲೆ ಮಗಳು ದೀಪ ಆರಿಸಿದಳು.